ಇಬ್ಬರ ದೋಣಿ, ಒಬ್ಬರ ತೀರ್ಮಾನ: ಒಂದು ದೀರ್ಘ ಕರಾವಳಿ ಯಾನದ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣದ ದಂಪತಿ ನಡುವಯಸ್ಸು ದಾಟಿದವರು. ಸುಮಾರು ಹತ್ತು ಮೀಟರ್ ಉದ್ದದ, ಒಂದೇ ಹಾಯಿಗಂಬವಿರುವ ಫೈಬರ್‌ಗ್ಲಾಸ್ ಹಾಯಿದೋಣಿಯಲ್ಲಿ, ಕರಾವಳಿಯ ಗುಂಟ ಸಾವಿರಕ್ಕೂ ಹೆಚ್ಚು ನಾಟಿಕಲ್ ಮೈಲಿಗಳನ್ನು ಒಂದೇ ಋತುವಿನಲ್ಲಿ ಕ್ರಮಿಸಬೇಕೆಂಬುದು ಅವರ ಯೋಜನೆಯಾಗಿತ್ತು. ಗುರುತು ಬಯಲಾಗಬಾರದೆಂಬ ಕಾರಣಕ್ಕೆ ಕರಾವಳಿ, ವರ್ಷ ಮತ್ತು ಬಂದರುಗಳ ಹೆಸರನ್ನು ಇಲ್ಲಿ ಬಿಡಲಾಗಿದೆ. ಗಾಳಿ, ಆಳ ಮತ್ತು ಹೊತ್ತಿನ ಲೆಕ್ಕಗಳನ್ನು ದೋಣಿಯ ಲಾಗ್ ಪುಸ್ತಕದಿಂದ ತೆಗೆದುಕೊಂಡಿದ್ದೇನೆ. ಪತಿ ಮತ್ತು ಪತ್ನಿ ಇಬ್ಬರೊಡನೆಯೂ ಬೇರೆ ಬೇರೆಯಾಗಿ ಮಾತನಾಡಿ, ಅವರಿಬ್ಬರ ಹೇಳಿಕೆಗಳು ಹೊಂದದ ಕಡೆ ಎರಡನ್ನೂ ಉಳಿಸಿಕೊಂಡಿದ್ದೇನೆ.

ಪತಿಗೆ ಹಾಯಿ ನಡೆಸುವುದರಲ್ಲಿ ಇಪ್ಪತ್ತು ವರ್ಷಗಳಿಗೂ ಮೀರಿದ ಅನುಭವವಿತ್ತು. ಪತ್ನಿ ಪ್ರಾಥಮಿಕ ತರಬೇತಿ ಪಡೆದಿದ್ದರು. ರಜಾದಿನಗಳ ಸಣ್ಣ ಓಟಗಳಲ್ಲಿ ಜೊತೆಗಿದ್ದವರು. ಹೊರಡುವ ಮೊದಲೇ ಕೆಲಸಗಳು ತಾವಾಗಿಯೇ ಹಂಚಿಹೋಗಿದ್ದವು. ಚುಕ್ಕಾಣಿ, ಹಾಯಿ, ಲಂಗರು, ಎಂಜಿನ್ ಮತ್ತು ಬಂದರು ಪ್ರವೇಶ ಪತಿಯ ಪಾಲು; ಅಡುಗೆ, ಲಾಗ್ ಪುಸ್ತಕ, ಹವಾಮಾನ ಮುನ್ಸೂಚನೆಯನ್ನು ಬರೆದುಕೊಳ್ಳುವುದು ಮತ್ತು ನಕ್ಷೆಯ ಮೇಲೆ ದೂರ ಅಳೆಯುವುದು ಪತ್ನಿಯ ಪಾಲು. ಶಾಂತ ದಿನಗಳಲ್ಲಿ ಈ ಹಂಚಿಕೆ ಬಹಳ ಚೆನ್ನಾಗಿ ನಡೆಯಿತು, ಹಾಗಾಗಿಯೇ ಅದರ ದೋಷ ಕಣ್ಣಿಗೆ ಬೀಳಲಿಲ್ಲ. ಮಾಹಿತಿಯೆಲ್ಲ ಒಬ್ಬರ ಕೈಯಲ್ಲಿತ್ತು, ತೀರ್ಮಾನವೆಲ್ಲ ಇನ್ನೊಬ್ಬರ ಕೈಯಲ್ಲಿತ್ತು.

ವೇಳಾಪಟ್ಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಈ ಗಾತ್ರದ ದೋಣಿಯ ಗರಿಷ್ಠ ವೇಗವೇ ಸುಮಾರು 7 ನಾಟ್ (ಗಂಟೆಗೆ 7 ನಾಟಿಕಲ್ ಮೈಲಿ), ಅಂದರೆ ಗಂಟೆಗೆ 13 ಕಿಲೋಮೀಟರ್. ದಿನದ ಯೋಜನೆಗೆ 5 ನಾಟ್ ಎಂದು ಹಿಡಿಯುವುದು ವಾಡಿಕೆ. ಆದರೆ ಹಾಯಿದೋಣಿ ಗಾಳಿಗೆ ನೇರವಾಗಿ ಎದುರು ಸಾಗಲಾರದು. ಗಾಳಿಯ ದಿಕ್ಕಿಗೆ ಸುಮಾರು 45 ಡಿಗ್ರಿಯ ಓರೆಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ ಹೋಗಬೇಕಾದ್ದರಿಂದ, ಎದುರುಗಾಳಿ ಇದ್ದರೆ ನಕ್ಷೆಯ ಮೇಲಿನ 40 ಮೈಲಿ ನೀರಿನ ಮೇಲೆ 56 ಮೈಲಿಗಿಂತ ಕಡಿಮೆಯಾಗುವುದಿಲ್ಲ. ಪತ್ನಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು, ಪತಿ ಒಪ್ಪಿಯೂ ಇದ್ದರು. ಆದರೂ ಯಾನದ ಮೂರನೆಯ ವಾರದಲ್ಲಿ ಒಂದು ನದೀಮುಖದ ಬಂದರಿನಲ್ಲಿ ನಿಗದಿತ ದಿನಕ್ಕೆ ಸ್ನೇಹಿತರು ಬಂದು ಸೇರುವ ಏರ್ಪಾಡನ್ನು ಮಾಡಿಕೊಂಡರು. ಸ್ಥಳವನ್ನಾದರೂ ಹೇಳಿ, ದಿನವನ್ನಾದರೂ ಹೇಳಿ, ಎರಡನ್ನೂ ಹೇಳಬೇಡಿ ಎಂದು ಹಾಯಿ ನಡೆಸುವವರು ಅತಿಥಿಗಳ ವಿಷಯದಲ್ಲಿ ಹೇಳುವುದುಂಟು. ಇವರು ಎರಡನ್ನೂ ಹೇಳಿದ್ದರು.

ಸಮಸ್ಯೆ ಕಾಣಿಸಿಕೊಂಡ ಬಗೆ

ಮೊದಲ ಘಟನೆ ಲಂಗರಿನದು. ಸ್ನೇಹಿತರು ಬರುವುದಕ್ಕೆ ಎರಡು ದಿನ ಮೊದಲು, ದೀರ್ಘ ಓಟ ಮುಗಿಸಿ ಸಂಜೆ ಏಳರ ಹೊತ್ತಿಗೆ ಒಂದು ತೆರೆದ ಕೊಲ್ಲಿಯಲ್ಲಿ ಲಂಗರು ಹಾಕಿದರು. ಆಳಮಾಪಕ 4 ಮೀಟರ್ ತೋರಿಸುತ್ತಿತ್ತು. ಆಳದ ಐದು ಪಟ್ಟು ಸರಪಳಿ ಸಾಕೆಂಬ ಸಾಮಾನ್ಯ ನಿಯಮದಂತೆ ಪತಿ 20 ಮೀಟರ್ ಬಿಟ್ಟರು. ಆದರೆ ಆಗ ನೀರು ಪೂರ್ತಿ ಇಳಿದಿತ್ತು, ಅಲ್ಲಿ ಉಬ್ಬರ 3 ಮೀಟರ್ ಏರುತ್ತಿತ್ತು. ಸರಪಳಿ ಇಳಿಯುವ ಜಾಗ ನೀರಿನಿಂದ 1 ಮೀಟರ್ ಮೇಲಿದೆ ಎಂಬುದನ್ನೂ ಸೇರಿಸಿಕೊಂಡರೆ, ನಡುರಾತ್ರಿಯ ಉಬ್ಬರದಲ್ಲಿ ಲೆಕ್ಕ ಹಿಡಿಯಬೇಕಾದ ಎತ್ತರ 8 ಮೀಟರ್ ಆಗುತ್ತದೆ, ಸರಪಳಿ ಅದರ ಎರಡೂವರೆ ಪಟ್ಟು ಮಾತ್ರ ಉಳಿಯುತ್ತದೆ. ಸರಪಳಿ ಚಿಕ್ಕದಾದಷ್ಟೂ ಎಳೆತ ಮೇಲ್ಮುಖವಾಗುತ್ತದೆ. ಲಂಗರು ನೆಲವನ್ನು ಕಚ್ಚುವ ಬದಲು ಕಿತ್ತು ಬರುತ್ತದೆ.

ಇದು ಅನುಭವಿ ನಾವಿಕರಿಗೆ ತಿಳಿಯದ ಲೆಕ್ಕವಲ್ಲ. ಪತಿ ಆ ದಿನ ಬೆಳಗಿನ ಜಾವ ಎರಡಕ್ಕೆ ಎದ್ದವರು, ಲಂಗರು ಹಾಕುವಾಗ ಹದಿನೇಳು ಗಂಟೆ ಕಳೆದಿತ್ತು. ಸತತ 17 ಗಂಟೆ ಎಚ್ಚರವಿದ್ದವರ ಕಣ್ಣು-ಕೈಗಳ ಹೊಂದಾಣಿಕೆ, ರಕ್ತದಲ್ಲಿ ಶೇ. 0.05ರಷ್ಟು ಮದ್ಯಾಂಶ ಇರುವವರ ಮಟ್ಟಕ್ಕೆ ಇಳಿಯುತ್ತದೆಂದು 1997ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ತೋರಿಸಿತ್ತು. ದಣಿದವರು ತಮ್ಮ ದಣಿವನ್ನು ತಾವೇ ಅಳೆಯಲಾರರು ಎಂಬುದು ಇದರ ಇನ್ನೊಂದು ಮುಖ. ಪಕ್ಕದಲ್ಲಿರುವವರು ಅಳೆಯಬೇಕಾಗುತ್ತದೆ.

ಪಕ್ಕದಲ್ಲಿದ್ದವರು ಅಳೆದಿದ್ದರು ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ರಾತ್ರಿ ಹನ್ನೊಂದಕ್ಕೆ ಗಾಳಿ ದಿಕ್ಕು ಬದಲಿಸಿ ತೀರದ ಕಡೆಗೆ ಬೀಸತೊಡಗಿದ್ದನ್ನು ಪತ್ನಿ ಕಂಡು, ಹೊತ್ತಿನ ಸಮೇತ ಲಾಗ್ ಪುಸ್ತಕದಲ್ಲಿ ಬರೆದಿಟ್ಟರು. ಆದರೆ ಗಂಟೆಯ ಹಿಂದಷ್ಟೇ ಮಲಗಿದ್ದ ಪತಿಯನ್ನು ಎಬ್ಬಿಸಲಿಲ್ಲ. ಎಬ್ಬಿಸಿದ್ದು ಒಂದೂ ಕಾಲಿಗೆ, ತೀರದ ದೀಪಗಳು ಜಾಗ ಬದಲಿಸುತ್ತಿರುವುದು ಗೊತ್ತಾದಾಗ. ಲಂಗರನ್ನು ಮೇಲೆತ್ತಿ, ದೋಣಿಯನ್ನು ಹೊರಕ್ಕೆ ತಂದು, ಆಳದ ನೀರಿನಲ್ಲಿ ಮತ್ತೆ ನಿಲ್ಲಿಸುವ ಹೊತ್ತಿಗೆ ನಾಲ್ಕಾಗಿತ್ತು. ಏಕೆ ತಡಮಾಡಿದಿರೆಂದು ಕೇಳಿದಾಗ ಆಕೆ, “ಅವರು ನೋಡಿಯೇ ಹಾಕಿದ್ದಾರೆ ಅಂದುಕೊಂಡೆ” ಎಂದರು. ಇಂಥ ನಂಬಿಕೆ ದಾಂಪತ್ಯದಲ್ಲಿ ಸದ್ಗುಣವಿರಬಹುದು. ದೋಣಿಯ ಮೇಲೆ ಅದು ಎರಡು ಜೋಡಿ ಕಣ್ಣುಗಳಲ್ಲಿ ಒಂದನ್ನು ಮುಚ್ಚಿಬಿಡುತ್ತದೆ.

ಎರಡನೆಯ ಘಟನೆ ಆ ರಾತ್ರಿ ಕಳೆದ ಮೇಲಿನ ಹಗಲಿನದು. ಸ್ನೇಹಿತರು ಬರಬೇಕಿದ್ದ ಬಂದರು 45 ಮೈಲಿ ದೂರದಲ್ಲಿತ್ತು. ಅದರ ಅಳಿವೆಯ ಬಾಯಲ್ಲಿ ಮರಳು ದಿಬ್ಬವಿತ್ತು. ಉಬ್ಬರ ತುಂಬುವುದು ಮಧ್ಯಾಹ್ನ ಎರಡಕ್ಕೆ. ಇಂಥ ಅಳಿವೆಯನ್ನು ನೀರು ಇನ್ನೂ ಏರುತ್ತಿರುವಾಗ, ಉಬ್ಬರದ ಕೊನೆಯ ಗಂಟೆಯಲ್ಲಿ ದಾಟುವುದು ಕ್ಷೇಮ. ಇಳಿತ ಶುರುವಾಯಿತೆಂದರೆ ಹೊರಕ್ಕೆ ನುಗ್ಗುವ ನದಿಯ ನೀರು ಒಳಕ್ಕೆ ಬರುವ ಕಡಲಲೆಗೆ ಎದುರಾಗುತ್ತದೆ, ಅಲೆಗಳ ನಡುವಿನ ಅಂತರ ಕುಗ್ಗಿ, ಅವು ಕಡಿದಾಗಿ, ದಿಬ್ಬದ ಮೇಲೆ ಒಡೆಯುತ್ತವೆ. 6 ನಾಟ್ ವೇಗದಲ್ಲಿ ಏಳೂವರೆ ಗಂಟೆಯ ದಾರಿಯಾದ್ದರಿಂದ ಬೆಳಿಗ್ಗೆ ಐದೂವರೆಗೆ ಹೊರಡುವುದೆಂದು ಹಿಂದಿನ ದಿನವೇ ಬರೆದುಕೊಂಡಿದ್ದರು. ರಾತ್ರಿಯ ಗಡಿಬಿಡಿಯಿಂದಾಗಿ ಹೊರಟದ್ದು ಎಂಟಕ್ಕೆ.

ಮುನ್ಸೂಚನೆಯಲ್ಲಿದ್ದ ಗಾಳಿ ಸರಾಸರಿ 20 ನಾಟ್, ಗಾಳಿಯ ಬಲವನ್ನು 0ಯಿಂದ 12ರವರೆಗೆ ಅಳೆಯುವ ಬ್ಯೂಫರ್ಟ್ ಮಾಪನದಲ್ಲಿ 5ನೆಯ ಬಲ. ಬೆನ್ನಿಗೆ ಬೀಸುವ ಗಾಳಿಯಲ್ಲಿ 6 ನಾಟ್ ವೇಗದಲ್ಲಿ ಓಡುವ ದೋಣಿಯ ಮೇಲೆ ನಿಂತವರಿಗೆ ಅದು 14 ನಾಟ್‌ನಂತೆ ಮಾತ್ರ ತಾಗುತ್ತದೆ. ಪೂರ್ತಿ ಹಾಯಿ ಬಿಚ್ಚಿಕೊಂಡು, ಅಂಗಿಯ ಮೇಲೆ ಅಂಗಿ ಬೇಕಾಗದಷ್ಟು ಹಿತವಾದ ಓಟ. ಮೂರೂವರೆಗೆ ಅಳಿವೆಯ ಮುಂದೆ ಬಂದು, ದೊಡ್ಡ ಹಾಯಿಯನ್ನು ಇಳಿಸಲೆಂದು ದೋಣಿಯನ್ನು ಗಾಳಿಗೆ ಎದುರು ತಿರುಗಿಸಿದಾಗ ಅದೇ ಗಾಳಿ 24 ನಾಟ್ ಆಗಿ ಮುಖಕ್ಕೆ ಹೊಡೆಯಿತು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಹಾಯಿಯ ಮೇಲಿನ ಬಲ ಒಂದೇ ತಿರುವಿನಲ್ಲಿ ಹೆಚ್ಚುಕಡಿಮೆ ಮೂರು ಪಟ್ಟಾಯಿತು. ಬಡಿದುಕೊಳ್ಳುತ್ತಿದ್ದ ಹಾಯಿಯನ್ನು ಪತಿ ಒಬ್ಬರೇ, ಸುರಕ್ಷಾ ಹಗ್ಗ ಸಿಕ್ಕಿಸಿಕೊಳ್ಳದೆ, ಕಂಬದ ಬುಡದಲ್ಲಿ ನಿಂತು ಇಳಿಸಿದರು. ಮುಕ್ಕಾಲು ಗಂಟೆ ಹೋಯಿತು. ಇಳಿತ ಮೂರನೆಯ ಗಂಟೆಗೆ ಕಾಲಿಟ್ಟಿತ್ತು, ನೀರು ಅತಿ ಜೋರಾಗಿ ಓಡುವುದು ಅದರ ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ.

ಹದಿನೆಂಟು ಮೈಲಿ ಮುಂದೆ, ಯಾವ ಹೊತ್ತಿನಲ್ಲಾದರೂ ಪ್ರವೇಶಿಸಬಹುದಾದ ಆಳದ ಬಂದರೊಂದಿದೆಯೆಂದು ಪತ್ನಿ ನಕ್ಷೆ ನೋಡಿ ಹೇಳಿದರು. ಅಲ್ಲಿಗೆ ಮುಟ್ಟುವಾಗ ಕತ್ತಲಾಗುತ್ತದೆ, ಗೊತ್ತಿಲ್ಲದ ಬಂದರು, ಸ್ನೇಹಿತರು ಬರುವುದು ಇಲ್ಲಿಗೆ ಎಂದು ಪತಿ ಉತ್ತರಿಸಿದರು. ಮಾತು ಅಲ್ಲಿಗೆ ಮುಗಿಯಿತು. ಎಂಜಿನ್ ನಂಬಿ ಒಳಗೆ ನುಗ್ಗಿದರು. ದಿಬ್ಬದ ಮೇಲೆ ಒಂದು ಅಲೆ ಹಿಂಬದಿಯಿಂದ ಮುರಿದುಬಿದ್ದು, ಚುಕ್ಕಾಣಿ ಹಿಡಿದವರು ಕೂರುವ ತಗ್ಗುಜಾಗವಾದ ಕಾಕ್‌ಪಿಟ್ಟನ್ನು ತುಂಬಿತು; ಅಲುಗಾಟಕ್ಕೆ ಡೀಸೆಲ್ ಟ್ಯಾಂಕಿನ ತಳದ ಕಸರು ಮೇಲೆದ್ದು ಫಿಲ್ಟರ್ ಕಟ್ಟಿಕೊಂಡಿತು; ಎಂಜಿನ್ ನಿಂತಿತು. ಪತಿ ಕೆಳಗಿಳಿದು ಫಿಲ್ಟರ್ ಬದಲಿಸಿ, ಇಂಧನ ನಳಿಕೆಯಲ್ಲಿ ಸೇರಿದ ಗಾಳಿಯನ್ನು ಹೊರಗೆ ಬಿಡುವ ಕೆಲಸದಲ್ಲಿ ತೊಡಗಿದರು. ಮೇಲೆ ಚುಕ್ಕಾಣಿಯಲ್ಲಿದ್ದ ಪತ್ನಿ ಯಾರನ್ನೂ ಕೇಳುವಂತಿರಲಿಲ್ಲ. ಸುತ್ತಿಟ್ಟ ಮುಂಬದಿಯ ಹಾಯಿಯನ್ನು ಮೂರನೆಯ ಒಂದು ಭಾಗದಷ್ಟು ಬಿಚ್ಚಿ, ಬೆನ್ನಗಾಳಿಯ ಬಲದಿಂದಲೇ ದೋಣಿಯನ್ನು ಅಲೆಗೆ ಅಡ್ಡ ಬೀಳದಂತೆ ನೇರ ಹಿಡಿದು ದಿಬ್ಬ ದಾಟಿಸಿದರು. ಎಂಜಿನ್ ಮತ್ತೆ ಹತ್ತಿಕೊಂಡಾಗ ದೋಣಿ ಒಳನೀರಿನಲ್ಲಿತ್ತು.

ಲಾಗ್ ಪುಸ್ತಕದಲ್ಲಿ ಆ ಸಂಜೆ ಪತಿ ಬರೆದಿರುವುದು: “ಪ್ರವೇಶ ಕಷ್ಟವಾಯಿತು. ಫಿಲ್ಟರ್ ಬದಲಿಸಿದೆ.” ಅದರ ಕೆಳಗೆ ಪತ್ನಿಯ ಕೈಬರಹ: “ಮುಂದಿನ ಬಂದರಿಗೆ ಹೋಗಬಹುದಿತ್ತು ಎಂದು ಹೇಳಿದ್ದೆ.” ಸ್ನೇಹಿತರು ಬಂದರು, ಹೋದರು. ಆಮೇಲೆ ಪತ್ನಿ ತಾವು ಮುಂದೆ ಬರುವುದಿಲ್ಲವೆಂದರು.

ಏನೇನು ಮಾಡಿ ನೋಡಿದರು

ಯಾನವನ್ನು ಅಲ್ಲಿಗೇ ನಿಲ್ಲಿಸುವ ಬದಲು ಕೆಲವು ಏರ್ಪಾಡುಗಳನ್ನು ಮಾಡಿ ನೋಡುವುದೆಂದು ಇಬ್ಬರೂ ಒಪ್ಪಿಕೊಂಡರು. ಮೊದಲನೆಯದು ಮೂರು ಮೂರು ಗಂಟೆಗಳ ಪಾಳಿ. ಅದು ಬೇಗನೆ ಬಿದ್ದುಹೋಯಿತು. ಪತ್ನಿಯ ಪಾಳಿಯಲ್ಲಿ ಪತಿ ಮಲಗುತ್ತಲೇ ಇರಲಿಲ್ಲ, ಅರ್ಧ ಗಂಟೆಗೊಮ್ಮೆ ತಲೆ ಹೊರಹಾಕಿ ಸುತ್ತ ನೋಡುತ್ತಿದ್ದರು. ಆತನಿಗೆ ವಿಶ್ರಾಂತಿ ಸಿಗಲಿಲ್ಲ, ಆಕೆಗೆ ಹೊಣೆ ಸಿಗಲಿಲ್ಲ. ಕಾಗದದ ಮೇಲೆ ಇಬ್ಬರ ಪಾಳಿ, ದೋಣಿಯ ಮೇಲೆ ಒಬ್ಬರೇ ನಾವಿಕರು.

ಎರಡನೆಯದು ತಡೆಯುವ ಹಕ್ಕು. ಇಬ್ಬರಲ್ಲಿ ಯಾರು “ಬೇಡ” ಎಂದರೂ ಆ ದಿನ ಹೊರಡುವಂತಿಲ್ಲ, ಕಾರಣ ಕೇಳುವಂತಿಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇದ್ದ ಈ ನಿಯಮ ಅವರನ್ನು ಒಂದೇ ಬಂದರಿನಲ್ಲಿ ಎರಡು ವಾರಗಳ ಹತ್ತಿರ ಕಟ್ಟಿಹಾಕಿತು. ಪ್ರತಿದಿನವೂ ಪತ್ನಿಯೇ ಬೇಡವೆನ್ನುತ್ತಿದ್ದರು. ಅವುಗಳಲ್ಲಿ ಕೆಲವು ದಿನ 3ನೆಯ ಬಲದ ಗಾಳಿಯೂ ಇರಲಿಲ್ಲ. ಪತಿ ನಿಯಮಕ್ಕೆ ಬದ್ಧರಾಗಿ ಏನೂ ಕೇಳಲಿಲ್ಲ, ಆದರೆ ಮಾತನ್ನೇ ನಿಲ್ಲಿಸಿದರು. ಆ ವಾರಗಳ ಬಗ್ಗೆ ಇಬ್ಬರೂ ಹೆಚ್ಚು ಹೇಳಲು ಇಷ್ಟಪಡಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ನನ್ನ ದೃಷ್ಟಿಯಲ್ಲಿ ಇಡೀ ಯಾನದ ತಿರುವು ಅಳಿವೆಯ ಬಾಯಲ್ಲಿ ಬರಲಿಲ್ಲ, ಈ ನಿಶ್ಚಲ ದಿನಗಳ ಕೊನೆಯಲ್ಲಿ ಬಂದಿತು. ನಿಯಮಕ್ಕೆ ಪತ್ನಿಯೇ ಒಂದು ಸಾಲು ಸೇರಿಸಿದರು: ಬೇಡ ಎಂದವರು ಅಂದಿನ ಸಂಜೆಯೊಳಗೆ, ಏನು ಬದಲಾದರೆ ಹೊರಡಬಹುದು ಎಂಬುದನ್ನು ಬರೆದಿಡಬೇಕು. ಬರೆಯಲು ಕುಳಿತಾಗ ಅವರಿಗೇ ಅಚ್ಚರಿಯಾಯಿತು. ಅವರ ಹೆದರಿಕೆ ಕಡಲಿನದೂ ಅಲ್ಲ, ಅಲೆಯದೂ ಅಲ್ಲ. ಹೋಗಿ ಮುಟ್ಟುವ ಬಂದರಿನಲ್ಲಿ, ಅಡ್ಡಗಾಳಿ ಬೀಸುವಾಗ ದಕ್ಕೆಗೆ ದೋಣಿ ತಾಗಿಸುವ ಆ ಐದು ನಿಮಿಷಗಳದು. ಹಗ್ಗ ಹಿಡಿದು ದಕ್ಕೆಗೆ ಹಾರಬೇಕಾದವರು ಆಕೆ. ಹಿಂದಿನಿಂದ ಕೂಗಿ ಹೇಳುವವರು ಆತ. ಪ್ರತಿ ಬಂದರಿನಲ್ಲೂ ಇತರರ ಕಣ್ಣೆದುರು ಅದೇ ಕೂಗಾಟ. ಕಾರಣ ಕೇಳದಿರುವ ಸೌಜನ್ಯ ಅಷ್ಟು ದಿನ ಈ ಸಂಗತಿಯನ್ನು ಮುಚ್ಚಿಟ್ಟಿತ್ತು.

ಕಾರಣ ತಿಳಿದ ಮೇಲೆ ಪರಿಹಾರ ಕೈಗೆಟುಕುವಂಥದ್ದಾಯಿತು. ಗಾಳಿ ಕಡಿಮೆಯಿದ್ದ ಬೆಳಿಗ್ಗೆಗಳಲ್ಲಿ ಬಂದರಿನೊಳಗೇ ಅಭ್ಯಾಸ ಮಾಡಿದರು: ಚುಕ್ಕಾಣಿಯಲ್ಲಿ ಪತ್ನಿ, ಹಗ್ಗದ ಬಳಿ ಪತಿ. ಪತಿ ಬಾಯಿ ತೆರೆಯುವಂತಿಲ್ಲ, ಕೈಸನ್ನೆ ಮಾತ್ರ. ಬಲಕ್ಕೆ ತಿರುಗುವ ಪ್ರೊಪೆಲರ್ ಇರುವ ದೋಣಿಯನ್ನು ಹಿಂದಕ್ಕೆ ಹಾಕಿದಾಗ ಹಿಂಬದಿ ಎಡಕ್ಕೆ ಎಳೆಯುತ್ತದೆ. ಅದನ್ನು ವಿರೋಧಿಸುವ ಬದಲು, ಎಡಮಗ್ಗುಲನ್ನು ದಕ್ಕೆಗೆ ಕೊಟ್ಟು ಅದೇ ಎಳೆತದಿಂದ ದೋಣಿಯನ್ನು ಒಳಕ್ಕೆ ತರುವುದನ್ನು ಆಕೆ ಕಲಿತರು. ದೋಣಿಯ ನಡುವಿನಿಂದ ದಕ್ಕೆಯ ಗೂಟಕ್ಕೆ ಮೊದಲು ಒಂದು ಗಿಡ್ಡ ಹಗ್ಗ ಹಾಕಿ, ಎಂಜಿನ್ನನ್ನು ನಿಧಾನವಾಗಿ ಮುಂದಕ್ಕೆ ಓಡಿಸಿದರೆ ದೋಣಿ ತಾನಾಗಿ ದಕ್ಕೆಗೆ ಒತ್ತಿ ನಿಲ್ಲುತ್ತದೆ. ಹಾರುವ ಅಗತ್ಯವೇ ಬೀಳುವುದಿಲ್ಲ. ಎರಡು ದಶಕಗಳ ಅನುಭವಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ತಾನು ಹಾರಬೇಕಾಗಿ ಬಾರದಿದ್ದವರಿಗೆ ಅದರ ಅಗತ್ಯ ಕಂಡಿರಲಿಲ್ಲ.

ಇದರ ಜೊತೆಗೆ ಹೊರಡುವ ಮುನ್ನಾದಿನ ಸಂಜೆ ಒಂದು ಪುಟ ತುಂಬುವುದು ರೂಢಿಯಾಯಿತು. ಪರ್ಯಾಯ ಬಂದರು ಯಾವುದು, ಇಷ್ಟು ಹೊತ್ತಿನೊಳಗೆ ಹೊರಡದಿದ್ದರೆ ಓಟವೇ ರದ್ದು ಎಂಬ ಗಡಿ ಯಾವುದು, ಬೆನ್ನಗಾಳಿಯಲ್ಲೂ ನಿಜವಾದ ಗಾಳಿ 15 ನಾಟ್ ಮುಟ್ಟಿದ ಕೂಡಲೇ ಹಾಯಿ ಕಿರಿದುಗೊಳಿಸುವುದು, ಪಾಳಿಯಲ್ಲಿರುವವರು ಯಾವ ಯಾವ ಸಂದರ್ಭದಲ್ಲಿ ಇನ್ನೊಬ್ಬರನ್ನು ಎಬ್ಬಿಸಲೇಬೇಕು. ಎಬ್ಬಿಸಬಹುದು ಎಂದು ಬರೆದಿರಲಿಲ್ಲ, ಎಬ್ಬಿಸಲೇಬೇಕು ಎಂದೇ ಬರೆದಿದ್ದರು.

ಆಮೇಲೆ ನಡೆದದ್ದು

ಮುಂದಿನ ದೊಡ್ಡ ಓಟ 90 ಮೈಲಿಯದು, ಇಡೀ ರಾತ್ರಿ ಕಡಲಿನಲ್ಲಿ. ಪತ್ನಿ ತಮ್ಮ ಪಾಳಿಯಲ್ಲಿ ಎರಡು ಬಾರಿ ಪತಿಯನ್ನು ಎಬ್ಬಿಸಿದರು. ಮೊದಲ ಬಾರಿ, ದೂರದ ಹಡಗೊಂದು ಹತ್ತಿರ ಬರುತ್ತಿದ್ದರೂ ದಿಕ್ಸೂಚಿಯಲ್ಲಿ ಅದರ ಕೋನ ಬದಲಾಗದೆ ಇದ್ದಾಗ. 1972ರ ಅಂತರರಾಷ್ಟ್ರೀಯ ಘರ್ಷಣೆ ತಡೆ ನಿಯಮಗಳ ಪ್ರಕಾರ ಹಾಗಿದ್ದರೆ ಡಿಕ್ಕಿಯ ಅಪಾಯವಿದೆ ಎಂದೇ ಭಾವಿಸಬೇಕು. ಇಬ್ಬರೂ ನೋಡಿ, ದಿಕ್ಕನ್ನು ಸ್ಪಷ್ಟವಾಗಿ ಕಾಣುವಷ್ಟು ಬದಲಿಸಿ, ಹಡಗಿನ ಹಿಂದಿನಿಂದ ಹಾದುಹೋದರು. ಎರಡನೆಯ ಬಾರಿ ಎಬ್ಬಿಸಿದ್ದು ಮೀನುದೋಣಿಗಳ ದೀಪಗಳ ಗುಂಪು ಕಂಡಾಗ. ಅವು ದೂರದಲ್ಲಿದ್ದವು, ಏನೂ ಮಾಡಬೇಕಾಗಿರಲಿಲ್ಲ. ಪತಿ ಒಂದು ಮಾತೂ ಆಡದೆ ಹೋಗಿ ಮತ್ತೆ ಮಲಗಿದರು. ಮುಂದಿನ ಬಾರಿ ಎಬ್ಬಿಸಲು ಹಿಂಜರಿಯದಂತೆ ಮಾಡಿದ್ದು ಆ ಮೌನವೇ ಎಂದು ಪತ್ನಿ ನೆನೆಸಿಕೊಂಡರು. ಆ ರಾತ್ರಿ ಪತಿ ನಿಜವಾಗಿ ನಿದ್ದೆ ಮಾಡಿದರೆಂಬುದು ಲಾಗ್ ಪುಸ್ತಕದಿಂದಲೂ ಗೊತ್ತಾಗುತ್ತದೆ: ಆಕೆಯ ಪಾಳಿಯ ನಮೂದುಗಳ ನಡುವೆ ಆತನ ಕೈಬರಹ ಎಲ್ಲಿಯೂ ಇಲ್ಲ.

ನಂತರದ ವಾರಗಳು ಸರಾಗವಾಗಿ ಸಾಗಿದವು. ಇದರ ಶ್ರೇಯಸ್ಸನ್ನೆಲ್ಲ ಹೊಸ ನಿಯಮಗಳಿಗೆ ಕೊಡುವುದು ಸರಿಯಲ್ಲ. ಆ ಭಾಗದಲ್ಲಿ ಗಾಳಿ 5ನೆಯ ಬಲವನ್ನು ದಾಟಿದ್ದು ಅಪರೂಪ. ಹಾಗೆಯೇ ಮೊದಲ ಭಾಗದ ಆಪತ್ತುಗಳನ್ನೆಲ್ಲ ಪತಿಯ ಹಟಕ್ಕೆ ಕಟ್ಟುವುದೂ ಸರಿಯಲ್ಲ. ಅಲೆಗಳ ನಡುವೆ, ಓಲಾಡುವ ಎಂಜಿನ್ ಗೂಡಿನಲ್ಲಿ ತಲೆಕೆಳಗಾಗಿ ಕುಳಿತು, ಇಂಧನ ನಳಿಕೆಯ ಗಾಳಿಯನ್ನು ಕೆಲವೇ ನಿಮಿಷಗಳಲ್ಲಿ ಬಿಡಿಸಿದ್ದು ಅದೇ ಇಪ್ಪತ್ತು ವರ್ಷಗಳ ಅನುಭವ. ಈ ಪ್ರಕರಣದಲ್ಲಿ ಬದಲಾದದ್ದು ಅನುಭವದ ಪ್ರಮಾಣವಲ್ಲ, ಮಾಹಿತಿ ಮತ್ತು ತೀರ್ಮಾನದ ನಡುವಿನ ದಾರಿ. ಹನ್ನೊಂದು ಗಂಟೆಗೆ ಕಂಡ ಗಾಳಿಯ ತಿರುವು ಒಂದೂ ಕಾಲರವರೆಗೆ ಕಾಯದೆ ತಕ್ಷಣ ಇನ್ನೊಬ್ಬರನ್ನು ಮುಟ್ಟುವ ಏರ್ಪಾಡು ಸಿದ್ಧವಾಯಿತು. ಇಬ್ಬರೇ ಇರುವ ದೋಣಿಗಳಿಗೆ, ಅದರಲ್ಲೂ ಒಬ್ಬರ ಕೌಶಲ ಇನ್ನೊಬ್ಬರಿಗಿಂತ ಬಹಳ ಹೆಚ್ಚಿರುವಲ್ಲಿ, ಇದು ಹಾಯಿಯನ್ನು ಕಿರಿದುಗೊಳಿಸಲು ಕಲಿಯುವಷ್ಟೇ ಮುಖ್ಯವಾದ ತಯಾರಿ ಎಂದು ನನಗನ್ನಿಸುತ್ತದೆ.

ನಿಯಮಕ್ಕೆ ನಿಜವಾದ ಪರೀಕ್ಷೆ ಬಂದದ್ದು ದಾರಿಯ ಮೂರನೆಯ ಎರಡು ಭಾಗ ಮುಗಿದ ಮೇಲೆ, ಅದೂ ತಿರುಗುಮುರುಗಾಗಿ. ಹಾಯಿಯ ಹಗ್ಗ ಸುತ್ತುವ ವಿಂಚಿಗೆ ಸಿಕ್ಕಿ ಪತಿಯ ಮಣಿಕಟ್ಟು ಉಳುಕಿತು. ಋತು ಮುಗಿಯುತ್ತ ಬಂದಿತ್ತು, ಮುನ್ಸೂಚನೆಗಳಲ್ಲಿ ಬಿರುಗಾಳಿಯ ಎಚ್ಚರಿಕೆಗಳು ಕಾಣಿಸತೊಡಗಿದ್ದವು. ಮುಂದುವರಿಯಬೇಕೆಂದವರು ಪತ್ನಿ, ಆ ಹೊತ್ತಿಗೆ ಬಂದರು ಪ್ರವೇಶಗಳೆಲ್ಲ ಅವರದೇ ಆಗಿದ್ದವು, ಉಳಿದದ್ದು ತಾವು ನಡೆಸಬಲ್ಲೆವೆಂಬ ವಿಶ್ವಾಸವಿತ್ತು. ಬೇಡ ಎಂದವರು ಪತಿ. ಸಂಜೆ ಅವರು ಬರೆದ ಷರತ್ತುಗಳು ಎರಡು: ಕತ್ತಲಲ್ಲಿ ಹಾಯಿ ಕಿರಿದುಗೊಳಿಸಲು ಇಬ್ಬರ ಕೈಗಳೂ ಗಟ್ಟಿಯಿರಬೇಕು, ಸತತ ಮೂರು ದಿನ 5ನೆಯ ಬಲ ಮೀರದ ಮುನ್ಸೂಚನೆ ಇರಬೇಕು. ಒಂದು ವಾರ ಕಾದರು. ಎರಡೂ ಒಟ್ಟಿಗೆ ಕೂಡಿಬರಲಿಲ್ಲ. ಪತ್ನಿಗೆ ಆದ ನಿರಾಶೆ ಸಣ್ಣದಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ. ದೋಣಿಯನ್ನು ಆ ಬಂದರಿನಲ್ಲೇ ನೀರಿನಿಂದ ಎತ್ತಿ ನಿಲ್ಲಿಸಿ, ಉಳಿದ ದಾರಿಯನ್ನು ಮುಂದಿನ ಋತುವಿಗೆ ಬಿಟ್ಟು ಇಬ್ಬರೂ ಊರಿಗೆ ಮರಳಿದರು. ಮತ್ತೆ ಹೊರಡುವ ಮೊದಲು ಡೀಸೆಲ್ ಟ್ಯಾಂಕ್ ಬಿಚ್ಚಿ ತೊಳೆಯುವುದು, ಒಂದು ಕಟ್ಟಿಕೊಂಡರೆ ಇನ್ನೊಂದಕ್ಕೆ ತಿರುಗಿಸಬಹುದಾದ ಜೋಡಿ ಫಿಲ್ಟರ್ ಕೂರಿಸುವುದು, ಯಾರಿಗೂ ದಿನಾಂಕ ಕೊಡದಿರುವುದು ಎಂದು ತೀರ್ಮಾನವಾಗಿದೆ.

ಅಳಿವೆಯ ವಿಷಯದಲ್ಲಿ ಮಾತ್ರ ಅವರಿಗೆ ಇಂದಿಗೂ ಒಮ್ಮತವಿಲ್ಲ. ದಣಿದ ಇಬ್ಬರು ಕತ್ತಲಲ್ಲಿ ಅಪರಿಚಿತ ಬಂದರಿಗೆ ಹೋಗುವುದು ಅದಕ್ಕಿಂತ ದೊಡ್ಡ ಅಪಾಯವಾಗುತ್ತಿತ್ತು ಎಂಬ ಮಾತಿಗೆ ಪತಿ ಅಂಟಿಕೊಂಡಿದ್ದಾರೆ. ಪತ್ನಿ ಉಬ್ಬರದ ಕೋಷ್ಟಕವನ್ನು ಮುಂದಿಡುತ್ತಾರೆ. ಸಂಜೆ ನಾಲ್ಕೂ ಕಾಲಿಗೆ ಅವರ ಮುಂದಿದ್ದ ಎರಡು ದಾರಿಗಳಲ್ಲಿ ಪತ್ನಿಯದೇ ಮೇಲು ಎಂದು ನನ್ನ ಎಣಿಕೆ, ಏಕೆಂದರೆ ಆಳದ ಬಂದರಿನ ಪ್ರವೇಶದಲ್ಲಿ ತಪ್ಪಾದರೆ ತಿರುಗಿ ಹೊರಬರಲು ಜಾಗವಿರುತ್ತದೆ, ಮರಳು ದಿಬ್ಬದ ಮೇಲೆ ಇರುವುದಿಲ್ಲ. ಆದರೆ ಬೆಳಿಗ್ಗೆ ಎಂಟಕ್ಕೆ ಲಂಗರು ಎತ್ತುವಾಗ ಮೂರನೆಯ ದಾರಿಯೊಂದಿತ್ತು: ಆಳದ ನೀರಿನಲ್ಲಿ ಭದ್ರವಾಗಿ ನಿಂತಿದ್ದ ಜಾಗದಲ್ಲೇ ಆ ದಿನವಿಡೀ ಮಲಗಿ, ಮರುದಿನ ಬೆಳಕು ಹರಿಯುವ ಮೊದಲೇ ಹೊರಟು, ಮಧ್ಯಾಹ್ನದ ಏರುನೀರಿನಲ್ಲಿ ಅಳಿವೆ ದಾಟುವುದು. ಸ್ನೇಹಿತರು ಬರಬೇಕಿದ್ದದ್ದೂ ಮರುದಿನವೇ. ಆ ದಾರಿಯನ್ನು ಅಂದು ಬೆಳಿಗ್ಗೆ ಇಬ್ಬರಲ್ಲಿ ಯಾರೂ ಪ್ರಸ್ತಾಪಿಸಿದಂತೆ ಲಾಗ್ ಪುಸ್ತಕದಲ್ಲಿ ಕಾಣುವುದಿಲ್ಲ.